ಹೂವಿನ ಚಿತ್ರದ ಕಪ್-ಬಸಿ

ಹೂವಿನ ಹಿಪ್ಪರಗಿ
ದಿ. ೪-೧೦-೨೦೦೪

ನನ್ನ ಯಾಡಿಗೆ, ನಿನ್ನ ಮಗಳು ಹೀರಿ ಇಲ್ಲಿಂದಲೇ ನಿನ್ನ ಕಾಲಿಗೆ ಬೀಳುತ್ತಾಳೆ.

ಮೊದಲು ಗೆಳತಿ ಸಗೀರಾಗೆ ಒಂದು ಮಾತು. ಸಗೀರಾ, ನಮ್ಮವ್ವ ಸಂತೆಗೆ ಬಂದಾಗ ನಿನ್ನ ಬಳೆ ಅಂಗಡಿಯ ಒಳಗೆ ಕೂಡ್ರಿಸಿ, ಬಾಗಿಲು ಅರ್ಧ ಎಳೆದುಕೊಂಡು ಈ ಪತ್ರ ಓದು. ಗಿರಾಕಿ ಬಂದರೆ ಆಮೇಲೆ ಬರ್ರಿ ಎನ್ನು. ಕನ್ನಡದಲ್ಲಿ ಬರೆದದ್ದನ್ನು ನಮ್ಮ ತಾಂಡಾದ ಮಾತಿಗೆ ತಿರುಗಿಸುವಾಗ ಯಾವಾಗಲೂ ಸಕ್ಕರೆ ಬೆರೆಸುತ್ತೀ, ನನಗೆ ಗೊತ್ತು. ಈ ಸಲ ಬೆರೆಸಬೇಡ. ಸಿಟ್ಟಿನಲ್ಲಿ ಬರೆದದ್ದನ್ನು ಸಿಟ್ಟಿನಲ್ಲೇ ಓದು.

ಯಾಡಿ, ನೀನು ಹೇಳಿ ಬರೆಸಿದ ಪತ್ರ ಮುಟ್ಟಿತು. ಈ ವರ್ಷ ಕಬ್ಬು ಕಡಿಯಲು ಸಾಂಗ್ಲಿ ಕಡೆ ಹೋಗುವುದಿಲ್ಲ, ಮಗಳ ಬಾಣಂತನ ಮಾಡುತ್ತೇನೆ, ಬಂದುಬಿಡು ಎಂದು ಬರೆಸಿದ್ದೀ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅಂತ ನಿನ್ನ ಅಳಿಯನ ಹಟವೂ ಇದೆ. ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ರಜೆ ಹಾಕಿ ನನ್ನನ್ನು ತಾಂಡಾಕ್ಕೆ ಬಿಟ್ಟು ಬರಲು ತಯಾರಾಗಿ ನಿಂತಿದ್ದಾರೆ. ಆದರೆ ನಾನು ಬರುವುದಿಲ್ಲ. ಇಲ್ಲೇ, ನಾನು ಕೆಲಸ ಮಾಡುವ ದವಾಖಾನೆಯಲ್ಲೇ ಹೆರುತ್ತೇನೆ. ಈ ಸುತ್ತಿನ ಹಳ್ಳಿಯ ಹೆಂಗಸರಿಗೆಲ್ಲ ಹೆರಿಗೆ ಮಾಡಿಸುವ ನರ್ಸಮ್ಮನಿಗೆ ಯಾರಾದರೂ ಒಬ್ಬರು ಮಾಡಿಸಿಯಾರು.

ಯಾಕೆ ಬರುವುದಿಲ್ಲ ಅಂತ ಕೇಳು. ಆ ಕಪ್-ಬಸಿಯ ಸಲುವಾಗಿ.

ಅದೇ, ಕೆಂಪು ಹೂವಿನ ಚಿತ್ರದ್ದು. ಅಟ್ಟದ ಮೇಲೆ ಜೋಳದ ಗಡಿಗೆಯ ಹಿಂದೆ ಹಳೇ ಬಟ್ಟೆ ಸುತ್ತಿ ಇಟ್ಟಿದ್ದೀಯಲ್ಲ. ಜನಗಣತಿಯ ಮಾಸ್ತರರು ಬಂದರೆ ಅದು ಇಳಿಯುತ್ತದೆ. ಕರೆಂಟಿನವರು ಬಂದರೆ ಇಳಿಯುತ್ತದೆ. ಪೊಲೀಸಪ್ಪ ಬಂದರಂತೂ ಎರಡು ಸಲ ತೊಳೆದು ಇಳಿಯುತ್ತದೆ. ಸರಕಾರದವರು ಯಾರು ಬಂದರೂ ಅದರಲ್ಲೇ ಚಹಾ. ನಮ್ಮವರಿಗೆ ಮಾತ್ರ ಸೊಟ್ಟಾದ ಸ್ಟೀಲ್ ಲೋಟ. ನಾನು ಬಂದರೆ ನನಗೆ ಯಾವುದರಲ್ಲಿ ಕೊಡುತ್ತೀ? ಸಗೀರಾ, ಇಲ್ಲಿ ನಿಲ್ಲಿಸಿ ಅವಳ ಬಾಯಿಂದಲೇ ಉತ್ತರ ಹೇಳಿಸು.

ಹೋದ ದವಾಳಿ ಹಬ್ಬಕ್ಕೆ ಸೊಲ್ಲಾಪುರದಿಂದ ಚಿಕ್ಕವ್ವನ ಮಗಳು ರುಕ್ಲಿ ಬಂದಿದ್ದಳು. ಅವಳನ್ನು ದೂರದಲ್ಲಿ ಕಂಡದ್ದೇ ನೀನು ಕೈಯಲ್ಲಿನ ಮೊರ ಒಗೆದು ಓಡಿದೆಯಂತೆ. ಕೊರಳಿಗೆ ಕೊರಳು ಹಾಕಿ ಇಬ್ಬರೂ ರಾಗ ಎತ್ತಿ ಅತ್ತಿರಂತೆ. ಬಹಳ ದಿನದ ಮೇಲೆ ಕಂಡ ಮಗಳನ್ನು ನಮ್ಮ ಹೆಂಗಸರು ಬರಮಾಡಿಕೊಳ್ಳುವುದೇ ಹಾಗಲ್ಲವೇ? ನೀನು ಅವಳ ಸತ್ತ ಅಪ್ಪನ ಹೆಸರು ಹಿಡಿದು ಅತ್ತೆ, ಅವಳು ನಿನ್ನ ಮೊಣಕಾಲಿನ ನೋವು ಕೇಳಿ ಅತ್ತಳು, ಆಮೇಲೆ ಇಬ್ಬರೂ ಸೇರಿ ಮಾರಿಹೋದ ಎಮ್ಮೆಗೂ ಬತ್ತಿದ ಬಾವಿಗೂ ಅತ್ತು, ಮೂಗು ಒರೆಸಿಕೊಂಡು ನಗುತ್ತ ಒಳಗೆ ಹೋದಿರಿ. ರುಕ್ಲಿ ಅದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು, ಊಟ ಮಾಡಿ ಎದ್ದವರ ಮುಖ.

ಮಾರನೇ ದಿನ ನಾನು ಬಂದೆ. ತಾಂಡಾದ ಬಾಯಿಗೇ ನಿಂತೆ. ನೀನು ಓಡಿ ಬರುತ್ತೀ ಅಂತ ಚೀಲ ಕೆಳಗಿಟ್ಟು, ಕೈ ಖಾಲಿ ಮಾಡಿಕೊಂಡು ನಿಂತೆ. ನೀನು ಹೊಸ್ತಿಲಲ್ಲೇ ನಿಂತು, "ಬಂದೇನು? ಒಳಗ ಬಾ, ಕುಂಡ್ರು. ಚಾ ಕುಡೀತಿಯೇನು?" ಅಂದೆ. ಕಪ್-ಬಸಿ ಇಳಿಯಿತು. ಅಲ್ಲ ಯಾಡಿ, ನಾನೇನು ನಿನ್ನ ಮನೆಗೆ ಪೋಲಿಯೋ ಹಾಕಲು ಬಂದಿದ್ದೆನೇ?

ನಿನ್ನ ಸಿಟ್ಟು ಯಾತಕ್ಕೆ ಅಂತ ನನಗೆ ಗೊತ್ತು. ನನ್ನ ಮದುವೆಯ ದಿನದ್ದು. ತಾಂಡಾದ ಮುದುಕಿಯರೆಲ್ಲ ಸುತ್ತ ಕೂತಿದ್ದರು. ಬೇರೆ ಹುಡುಗಿಯರು ತಿಂಗಳುಗಟ್ಟಲೆ ಮುದುಕಿಯರ ಹತ್ತಿರ ಕೂತು ಢಾವಲೊ ಕಲಿಯುತ್ತಾರೆ, ತವರು ಬಿಡುವ ಮಗಳು ಅವ್ವನ ಕೊರಳಿಗೆ ಬಿದ್ದು ಅಳುವ ಹಾಡು. ಮಗಳು ಮೊದಲು ಎತ್ತಬೇಕು, ಅವ್ವ ಅದಕ್ಕೆ ಸೇರಿಸಬೇಕು. ನಾನು ಎಲ್ಲಿ ಕಲಿಯಲಿ? ಏಳು ವರ್ಷದವಳಿದ್ದಾಗ ಹಾಸ್ಟೆಲ್ಲಿಗೆ ಹೋದವಳು ನರ್ಸ್ ಟ್ರೇನಿಂಗ್ ಮುಗಿಸಿಯೇ ಹೊರಗೆ ಬಂದೆ. ನಿನ್ನ ಹೆಗಲ ಮೇಲೆ ಕೈ ಇಟ್ಟು ಬಾಯಿ ತೆರೆದೆ. ಬಂದದ್ದು ಹಾಸ್ಟೆಲ್ಲಿನಲ್ಲಿ ಊಟಕ್ಕೆ ಮೊದಲು ಹೇಳುತ್ತಿದ್ದ ಪ್ರಾರ್ಥನೆಯ ರಾಗ! ತುಟಿ ಕಚ್ಚಿ ಸುಮ್ಮನಾದೆ. ನೀನು ಮುಖ ತಿರುಗಿಸಿ, "ಜೀಪಿಗೆ ಹೊತ್ತಾತು" ಅಂದೆ. "ಸರಕಾರದ ಮಗಳಿಗೆ ಕಣ್ಣೀರು ಎಲ್ಲಿಂದ ಬರಬೇಕು" ಎಂದು ಹಿಂದಿನಿಂದ ಯಾರೋ ನಕ್ಕರು. ಆ ನಗು ನನ್ನ ಬೆನ್ನಿನ ಮೇಲೆ ಇನ್ನೂ ಕೂತಿದೆ.

ಹಾಸ್ಟೆಲ್ಲನ್ನು ಬೈಯಲಾರೆ. ಅದು ಇರದಿದ್ದರೆ ನಾನೂ ಈಗ ಹೊಟ್ಟೆ ಹೊತ್ತುಕೊಂಡು ಕಬ್ಬಿನ ಗದ್ದೆಯಲ್ಲಿ ಇರುತ್ತಿದ್ದೆ. ಆದರೆ ಅಲ್ಲಿ ನಮ್ಮ ಮಾತು ಆಡಿದವರು ಊಟದ ಸಾಲಿನಲ್ಲಿ ಕೊನೆಗೆ ನಿಲ್ಲಬೇಕಿತ್ತು. ನಾನೋ ಮಹಾ ಹೊಟ್ಟೆಬಾಕಿ. ಬೇಗ ಕನ್ನಡ ಕಲಿತೆ. ಹೀರಿ ಅಂದರೆ ಓ ಎನ್ನದೆ, ಅವರು ಇಟ್ಟ ಹೆಸರು ಜಯಮಾಲಾ ಅಂದರೆ ಓ ಎನ್ನಲು ಕಲಿತೆ.

ನೀನು ಮೊದಲ ಸಲ ನನ್ನನ್ನು ನೋಡಲು ಬಂದದ್ದು ನೆನಪಿದೆಯೇ? ಗೇಟಿನಲ್ಲಿ ನನ್ನನ್ನು ಕಂಡದ್ದೇ ತಬ್ಬಿಕೊಂಡು ರಾಗ ಎತ್ತಿದೆ. ಅಡುಗೆಯವಳು ಯಾರೋ ಸತ್ತರು ಅಂತ ಒಲೆಗೆ ನೀರು ಹಾಕಿದಳು. ವಾರ್ಡನ್ ಬಾಯಿ ನನ್ನ ತಲೆ ಸವರಿ, "ಯಾರು ಹೋದ್ರವ್ವಾ, ಅಪ್ಪನೇನು?" ಎಂದು ಕೇಳಿದರು. ನಾನು ಇಲ್ಲ ಅಂದೆ. ಆಮೇಲೆ ನಿನ್ನನ್ನು ಆಫೀಸಿನ ಒಳಗೆ ಕರೆದರು. ನೀನು ಹೊರಗೆ ಬಂದು, ಗಂಟು ನನ್ನ ಕೈಗಿಟ್ಟು, ಹಿಂದೆ ನೋಡದೆ ಹೋದೆ. ಮುಂದಿನ ಸಲ ಬಂದಾಗ ಬೇವಿನ ಮರದ ಕೆಳಗೆ ಕೂತು ರೊಟ್ಟಿ ಕೊಟ್ಟೆ, ತಲೆ ಬಾಚಿದೆ, ಅಳಲಿಲ್ಲ. ಅವ್ವನಿಗೆ ರೂಢಿ ತಪ್ಪಿತು ಅಂದುಕೊಂಡೆ. ಅಂದಿನಿಂದ ನೀನು ನನ್ನ ಕೊರಳಿಗೆ ಬಿದ್ದದ್ದೇ ಇಲ್ಲ.

ಇದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನೇ ಇದ್ದೆ. ಈ ಬೇಸಿಗೆಯಲ್ಲಿ ನಮ್ಮ ದವಾಖಾನೆಯಲ್ಲಿ ಆಪರೇಷನ್ ಕ್ಯಾಂಪ್ ಆಯಿತು. ಬಾಗೇವಾಡಿ ಕಡೆಯ ಒಂದು ತಾಂಡಾದಿಂದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಅವಳ ಅವ್ವ ಇಂಡಿ ತಾಲೂಕಿನ ಕಡೆಯಿಂದ ಬಸ್ಸಿಳಿದು ಬಂದವಳೇ ವರಾಂಡದಲ್ಲಿ ಮಗಳನ್ನು ತಬ್ಬಿ ರಾಗ ಎತ್ತಿದಳು. ಡಾಕ್ಟರು ಕೈಗವಸು ಹಾಕಿಕೊಂಡೇ ಓಡಿ ಬಂದು, "ಯಾರ್ ಹೋದ್ರು? ಆಪರೇಷನ್ ಇನ್ನಾ ಚಾಲೂನ ಮಾಡಿಲ್ಲಲ್ಲ!" ಎಂದು ಬೆವರತೊಡಗಿದರು. ನಾನು, "ಯಾರೂ ಹೋಗಿಲ್ಲರಿ ಸರ್, ಅವ್ವ ಮಗಳು ಭೇಟಿ ಆಗ್ಯಾರ" ಅಂದೆ. "ಭೇಟಿ ಆದ್ರ ಹಿಂಗ ಅಳ್ತಾರೇನು?" ಅಂದರು. "ಹೌದ್ರಿ, ನಮ್ಮಾಗ ಹಂಗ" ಅಂದೆ. ನಮ್ಮಾಗ ಅನ್ನುವ ಮಾತು ಬಾಯಿಂದ ಬಂದದ್ದೇ ನನಗೆ ತಡೆಯಲಾಗಲಿಲ್ಲ. ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆ, ಆದರೆ ಬರೀ ಅತ್ತೆ. ರಾಗವಿಲ್ಲದ ಅಳು, ಯಾರಿಗೂ ಸೇರದ ಅಳು.

ಅವತ್ತಿನಿಂದ ಒಂದು ಕಳ್ಳ ಕೆಲಸ ನಡೆದಿದೆ. ರವಿವಾರ ಬಂದರೆ ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಹೋಗುತ್ತೇನೆ. ಸಗೀರಾಳ ತಾಯಿ ಇಮಾಮಬಿ ಚಾಚಿಯ ಹತ್ತಿರ ಢಾವಲೊ ಕಲಿಯುತ್ತೇನೆ. ಹೌದು, ಕನ್ನಡಿ, ಮಣಿ, ಕವಡೆಯ ಬುಟ್ಟಿ ಹೊತ್ತು ನಿಮ್ಮ ಬಾಗಿಲಿಗೆ ಬರುತ್ತಿದ್ದ ಅದೇ ಇಮಾಮಬಿ. ನಮ್ಮವರ ಮದುವೆಗಳಲ್ಲಿ ಅತ್ತು ಅತ್ತು ಅವಳಿಗೆ ಎಷ್ಟು ರೂಢಿಯಾಗಿದೆ ಎಂದರೆ ಸಗೀರಾಳ ನಿಕಾಹ್ ದಿನವೂ ನಮ್ಮ ರಾಗದಲ್ಲೇ ಅತ್ತಳಂತೆ, ಬೀಗರು ಗಾಬರಿಯಾದರಂತೆ. ನಾನು ರಾಗ ತಪ್ಪಿದರೆ ಬಳೆಯ ಡಬ್ಬಿಯಿಂದ ಮೊಣಕಾಲಿಗೆ ಹೊಡೆಯುತ್ತಾಳೆ. "ರಾಗ ಕಲಸ್ತೇನಿ ಬೇಟಾ, ಮಾತು ಕಲಸಂಗಿಲ್ಲ. ಮಾತು ನಿಂದ ಇರಬೇಕು. ಮಂದಿ ಅವ್ವನ ಹೆಸರು ಹಿಡದು ಅಳಾಕ ಬರ್ತೈತೇನು?" ಅನ್ನುತ್ತಾಳೆ.

ನನ್ನ ಹತ್ತಿರ ಯಾವ ಮಾತಿದೆ ಯಾಡಿ? ರುಕ್ಲಿಯ ಹಾಗೆ ಎಮ್ಮೆ ಇಲ್ಲ, ಬಾವಿ ಇಲ್ಲ. ಇರುವುದು ಹಾಸ್ಟೆಲ್ಲಿನ ಒಂದು ಟ್ರಂಕು. ಅದನ್ನೇ ಹಾಡಾಗಿ ಕಟ್ಟಿಕೊಂಡಿದ್ದೇನೆ. ಯಾಡಿ, ನೀನು ತಂದ ಸಜ್ಜೆ ರೊಟ್ಟಿಯನ್ನು ಒಮ್ಮೆಲೇ ತಿನ್ನಲಿಲ್ಲ, ಟ್ರಂಕಿನಲ್ಲಿಟ್ಟು ಮುರಿಮುರಿದು ತಿಂದೆ. ಯಾಡಿ, ಕೊನೆಯ ಚೂರಿಗೆ ಬೂಸರು ಬಂದಿತ್ತು, ಅದನ್ನೂ ತಿಂದೆ. ಯಾಡಿ, ನಿನ್ನ ಸೆರಗಿನಿಂದ ಬಿದ್ದ ಕನ್ನಡಿ ಚೂರು ನನ್ನ ಕಂಪಾಸಿನಲ್ಲಿತ್ತು, ಅದರಲ್ಲಿ ನನ್ನ ಮುಖ ನೋಡಿದರೆ ಒಂದು ಕಣ್ಣು ಅಷ್ಟೇ ಕಾಣುತ್ತಿತ್ತು, ಅದು ನಿನ್ನ ಕಣ್ಣಿನ ಹಾಗೆಯೇ ಇತ್ತು. ಕನ್ನಡದಲ್ಲಿ ಬರೆದರೆ ಸಪ್ಪಗಾಗುತ್ತದೆ. ರಾಗದಲ್ಲಿ ಬೇರೆಯೇ ಇದೆ. ಚಾಚಿ ಕೇಳಿ ಮೂಗು ಒರೆಸಿಕೊಂಡಳು, ಅಂದರೆ ಪಾಸಾಗಿದ್ದೇನೆ.

ನನ್ನ ಕರಾರು ಇಷ್ಟೇ. ನಾನು ಬಸ್ಸಿಳಿದಾಗ ನೀನು ಬಂದು ನನ್ನ ಕೊರಳಿಗೆ ಬೀಳಬೇಕು. ಮದುವೆಯ ದಿನ ಉಳಿದದ್ದನ್ನು ಅಲ್ಲೇ, ತಾಂಡಾದ ಬಾಯಲ್ಲೇ ಮುಗಿಸೋಣ. ನಿನ್ನ ಅಳುವನ್ನು ಕೇಳದೆ ನಾನು ತಾಯಿಯಾಗಲಾರೆ. ಆಗುವುದಿಲ್ಲ ಅನ್ನುವುದಾದರೆ ಹೇಳಿ ಕಳಿಸು, ಇಲ್ಲೇ ಇರುತ್ತೇನೆ. ಕಪ್-ಬಸಿಯಲ್ಲಿ ಚಹಾ ಕುಡಿಯಲು ಅಷ್ಟು ದೂರ ಬರಬೇಕಾಗಿಲ್ಲ, ಚಹಾ ಇಲ್ಲಿಯೂ ಸಿಗುತ್ತದೆ.

ನಿನ್ನ ಅಳುವಿಗಾಗಿ ಕಾದಿರುವ ಮಗಳು,
ಹೀರಿ

ತಾ.ಕ.: ಸಗೀರಾ, ಇದನ್ನು ಓದಿ ಹೇಳಬೇಡ. ರಜೆಯ ಅರ್ಜಿ ಕೊಟ್ಟಾಗಿದೆ, ಚೀಲವನ್ನೂ ಕಟ್ಟಿಟ್ಟಿದ್ದೇನೆ. ಅವಳು ಏನೇ ಹೇಳಲಿ, ನಾನು ಬರುವವಳೇ. ಅವಳಿಗೆ ಮಾತ್ರ ಗೊತ್ತಾಗುವುದು ಬೇಡ.

* * *

ಮುದ್ದೇಬಿಹಾಳ
ದಿ. ೧೧-೧೦-೨೦೦೪

ಗೆಳತಿ ಹೀರಿಗೆ, ನಿನ್ನ ಸಗೀರಾಳ ಸಲಾಂ.

ನೀನು ಹೇಳಿದ ಹಾಗೆ ಬಾಗಿಲು ಅರ್ಧ ಎಳೆದು, ಸಕ್ಕರೆ ಬೆರೆಸದೆ ಓದಿದೆ. ನಿಮ್ಮವ್ವ ಮೊಣಕಾಲಿನ ಮೇಲೆ ಗದ್ದ ಇಟ್ಟು ಕೂತಿದ್ದಳು. ಕಪ್-ಬಸಿಯ ಮಾತಿಗೆ ಮೊದಲು ನಕ್ಕಳು. ಡಾಕ್ಟರು ಓಡಿ ಬಂದದ್ದಕ್ಕೂ ನಕ್ಕಳು. ಬೂಸರು ಬಂದ ರೊಟ್ಟಿಯ ಹತ್ತಿರ ಬಂದಾಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಳಲಿಲ್ಲ, ತಡೆದಳು. ಓದಿ ಮುಗಿಸಿದ ಮೇಲೆ ಸೆರಗು ಸರಿಸಿದಳು. ಆಮೇಲೆ ನನಗೊಂದು ಪ್ರಶ್ನೆ ಕೇಳಿದಳು.

"ಸಗೀರಾ, ಈಕಿ ನೌಕರಿ ಮುಗಿಯೂದು ಯಾವಾಗ?"

ನಾನು ಲೆಕ್ಕ ಹಾಕಿ, ಐವತ್ತೆಂಟಕ್ಕೆ ರಿಟೈರ್ ಅಂದೆ. ಅವಳು ಬೆರಳು ಮಡಚತೊಡಗಿ ನಡುವೆಯೇ ಬಿಟ್ಟಳು. "ಅಲ್ಲಿತನಾ ನಾ ಎಲ್ಲಿರ್ತೇನಿ ಬಿಡು" ಅಂದಳು. ನನಗೆ ತಿಳಿಯಲಿಲ್ಲ. ನಮ್ಮ ಅಮ್ಮ ಒಳಗಿನಿಂದ ಬಂದು ಗದರಿಸಿ ಕೇಳಿದಳು. ಆಗ ಬಾಯಿ ಬಿಟ್ಟಳು. ಅವಳು ಹೇಳಿದ್ದನ್ನು ನನಗೆ ಬಂದ ಹಾಗೆ ಕನ್ನಡಕ್ಕೆ ತಿರುಗಿಸಿ ಬರೆಯುತ್ತೇನೆ:

"ಅವತ್ತು ಹಾಸ್ಟೆಲ್ ಬಾಯಿ ಆಫೀಸಿನ್ಯಾಗ ಕರದು ಹೇಳಿದ್ರು, ಹುಡುಗೂರು ಹೆದರತಾವು, ಅಡಗಿ ಕೆಡತೈತಿ, ಇನ್ನೊಮ್ಮೆ ಹಿಂಗ ಅತ್ತಿ ಅಂದ್ರ ನಿನ್ನ ಮಗಳ ಹೆಸರು ಹೊಡದು ಹಾಕ್ತೇವಿ ಅಂತ. ನಾ ಅವರ ಕಾಲು ಹಿಡದೆ. ನಮ್ಮ ದೇವ್ರು ಸೇವಾಭಾಯಾನ ಆಣಿ ಮಾಡಿದೆ. ಮಗಳು ಸರಕಾರದ ಅನ್ನ ತಿನ್ನೂತನಾ ನಾ ಆಕಿ ಮ್ಯಾಲೆ ಬಿದ್ದು ಅಳಂಗಿಲ್ಲರಿ ಅಂದೆ. ಹಾಸ್ಟೆಲ್ ಮುಗೀಲಿ ಅಂತ ನಾ ಕಾದಿದ್ದೆ. ಟ್ರೇನಿಂಗಿಗೆ ಹೋದ್ಲು, ಅದೂ ಸರಕಾರದ್ದು. ಅದು ಮುಗೀತು ಅನ್ನೂದ್ರಾಗ ನೌಕರಿ ಬಂತು, ಅದೂ ಸರಕಾರದ್ದು. ಎಲ್ಲಿ ಅಳಲಿ? ನಾ ಒಬ್ಬಾಕಿ ಬಾಯಿ ತಗದ್ರ ಆಕಿ ನೌಕರಿ ಹೋಗ್ತೈತಿ."

ನನಗೆ ಮೊದಲು ನಗು ಬಂತು ಹೀರಿ, ಆಮೇಲೆ ನನ್ನ ನಗುವಿನ ಮೇಲೆ ನನಗೇ ಅಸಹ್ಯವಾಯಿತು. ಹಾಸ್ಟೆಲ್ಲಿನ ಬಾಯಿಗೂ ನಿನ್ನ ನೌಕರಿಗೂ ಏನು ಸಂಬಂಧ, ಅಂಥ ಕಾನೂನೇ ಇಲ್ಲ ಅಂತ ಎಷ್ಟೋ ಹೇಳಿದೆ. ನಂಬಲಿಲ್ಲ. "ನೀ ಬಳಿ ಮಾರಾಕಿ, ನಿಮ್ಮವ್ವ ಕನ್ನಡಿ ಮಾರಾಕಿ. ನೀವೇನ್ ಸರಕಾರದವರೇನು?" ಅಂದಳು.

ಮದುವೆಯ ಮಾತನ್ನೂ ಕೇಳಿದೆ. ನೀನು ಅವಳ ಹೆಗಲ ಮೇಲೆ ಕೈ ಇಟ್ಟಾಗ ಅವಳ ಜೀವ ಹೋದ ಹಾಗಾಯಿತಂತೆ. ನೀನು ಎತ್ತಿದರೆ ತಾನು ತಡೆಯಲಾರೆ, ಆಣೆ ಮುರಿಯುತ್ತದೆ ಅಂತ ಒಳಗೊಳಗೇ ದೇವರನ್ನು ಬೇಡಿಕೊಂಡಳಂತೆ. ನೀನು ಸುಮ್ಮನಾದಾಗ ಬದುಕಿದೆ ಅಂದುಕೊಂಡಳಂತೆ. ನಿನ್ನ ಜೀಪು ಹೋದ ಮೇಲೆ ಮನೆಯೊಳಗೆ ಬಂದು ಜೋಳದ ಚೀಲವನ್ನು ತಬ್ಬಿಕೊಂಡು ಒಬ್ಬಳೇ ಢಾವಲೊ ಅತ್ತಳಂತೆ. ಮಗಳ ಪಾಲಿನದನ್ನೂ ತಾನೇ ಎತ್ತಿದಳಂತೆ, ಅವ್ವನ ಪಾಲಿನದನ್ನೂ ತಾನೇ ಸೇರಿಸಿದಳಂತೆ.

ಇದನ್ನು ಕೇಳಿ ನಮ್ಮ ಅಮ್ಮ ಅವಳನ್ನು ತಬ್ಬಿಕೊಂಡು ರಾಗ ಎತ್ತಿಯೇ ಬಿಟ್ಟಳು. ಆಗ ಹರಿಯಿತು ನೋಡು. ಸಂತೆಯ ಮಂದಿ ಯಾರು ಸತ್ತರು ಅಂತ ಬಾಗಿಲಿಗೆ ಬಂದು ನಿಂತರು. ನಾನು ಬಾಗಿಲನ್ನು ಪೂರ್ತಿ ಎಳೆದುಕೊಂಡೆ.

ನಿನ್ನ ಗೆಳತಿ,
ಸಗೀರಾ

ತಾ.ಕ.: ಎದ್ದು ಹೋಗುವಾಗ ನಿಮ್ಮವ್ವ ಬಾಗಿಲಲ್ಲಿ ನಿಂತು ಮತ್ತೊಂದು ಮಾತು ಕೇಳಿದಳು. "ಅತ್ತರ ನಡೀತೈತಿ ಅಂತ ಸರಕಾರದವರು ಒಂದ್ ಚೀಟಿ ಬರದು ಶಿಕ್ಕಾ ಹೊಡದು ಕೊಡ್ತಾರೇನು?" ನೀನೇ ಉತ್ತರ ಬರೆ.

* * *

ಹೂವಿನ ಹಿಪ್ಪರಗಿ
ದಿ. ೧೫-೧೦-೨೦೦೪

ಶ್ರೀಮತಿ ಘಮಲಿಬಾಯಿಯವರಿಗೆ,
ಹುಣಸಿಮಡ್ಡಿ ತಾಂಡಾ, ಮುದ್ದೇಬಿಹಾಳ ತಾಲೂಕು

ವಿಷಯ: ಮಗಳ ಕೊರಳಿಗೆ ಬಿದ್ದು ಅಳುವ ಬಗ್ಗೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ತಾವು ತಮ್ಮ ಮಗಳು ಹೀರಿ ಉರ್ಫ್ ಜಯಮಾಲಾ ಇವಳನ್ನು ತಬ್ಬಿಕೊಂಡು, ರಾಗ ಎತ್ತಿ, ಎಷ್ಟು ಹೊತ್ತು ಬೇಕಾದರೂ ಅಳಲು ಸರಕಾರದ ಕಡೆಯಿಂದ ಯಾವ ಅಡ್ಡಿಯೂ ಇರುವುದಿಲ್ಲ. ಇದರಿಂದ ಸದರಿಯವಳ ನೌಕರಿಗೆ ಧಕ್ಕೆ ಇರುವುದಿಲ್ಲ. ಹಾಸ್ಟೆಲ್ಲಿನಲ್ಲಿ ಹಾಕಿದ ಆಣೆ ಇಂದಿನಿಂದ ರದ್ದಾಗಿರುತ್ತದೆ. ಇಷ್ಟು ವರ್ಷ ಬಾಕಿ ಉಳಿದ ಅಳುವನ್ನೂ ತಾವು ಪೂರ್ತಿಯಾಗಿ ವಸೂಲು ಮಾಡಿಕೊಳ್ಳತಕ್ಕದ್ದು.

ಯಾಡಿ, ಇನ್ನು ಸರಕಾರದ ಭಾಷೆ ನನ್ನಿಂದ ಆಗುವುದಿಲ್ಲ. ನೀನು ನನ್ನನ್ನು ಬೇಡವೆಂದಿದ್ದೀ ಅಂದುಕೊಂಡು ನಾನು ಇಷ್ಟು ವರ್ಷ ಕಳೆದೆ. ನೀನು ನನ್ನ ಅನ್ನ ಕಾಯುತ್ತ ಕೂತಿದ್ದೆಯಲ್ಲೇ! ಜೋಳದ ಚೀಲವನ್ನು ತಬ್ಬಿಕೊಂಡೆಯಲ್ಲೇ! ನನ್ನ ಪಾಲಿನದನ್ನು ಇನ್ನು ಮೇಲೆ ನೀನು ಎತ್ತಬೇಡ, ನಾನು ಕಲಿತಿದ್ದೇನೆ. ಬುಧವಾರ ಬರುತ್ತೇನೆ.

ಜಯಮಾಲಾ, ಕಿರಿಯ ಆರೋಗ್ಯ ಸಹಾಯಕಿ
(ನಿನ್ನ ಹೀರಿ)

ತಾ.ಕ.: ಸಗೀರಾ, ಮೇಲಿನದನ್ನು ಓದುವಾಗ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತಹಸೀಲ್ದಾರರ ಹಾಗೆ ಓದು. ನನ್ನ ಸಹಿಯ ಹತ್ತಿರ ಹೊಡೆದ ಶಿಕ್ಕಾ ಬಾಣಂತಿ ಕಾರ್ಡಿಗೆ ಒತ್ತುವುದು, ಅದನ್ನು ಹೇಳಬೇಡ. ದುಂಡಗಿದೆ, ನೀಲಿಯಾಗಿದೆ, ಅವಳಿಗೆ ಅಷ್ಟು ಸಾಕು. ನಮ್ಮದೇ ತಾಂಡಾದ ಮಂದಿ ಗಾ‍ಬರಿಯಾಗುವವರಲ್ಲ, ಆದರೆ ಬಸ್ಸಿನ ಕಂಡಕ್ಟರನಿಗೆ ಯಾರೂ ಸತ್ತಿಲ್ಲ ಅಂತ ನಾನೇ ಮೊದಲು ಹೇಳಿ ಇಳಿಯುತ್ತೇನೆ. ಇನ್ನೊಂದು, ಮರೆಯದೆ ಹೇಳು: ಕಪ್-ಬಸಿ ಅಟ್ಟದ ಮೇಲೇ ಇರಲಿ.